ಪಿಎಂಪಿ ಪರೀಕ್ಷೆಯ ಸನ್ನಿವೇಶ ಪ್ರಶ್ನೆಗಳಿಗೆ ತಯಾರಾಗುವ ಬಗೆ

ಪಿಎಂಪಿಗೆ, ಅಂದರೆ ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ಪ್ರಮಾಣಪತ್ರ ಕೊಡುವ ಪರೀಕ್ಷೆಗೆ, ಓದುತ್ತಿರುವವರು ನನ್ನ ಬಳಿ ತರುವ ದೂರು ಬಹುಮಟ್ಟಿಗೆ ಒಂದೇ. "ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಸುಲಭವಾಗಿ ಹೊಡೆದುಹಾಕುತ್ತೇನೆ. ಉಳಿದ ಎರಡೂ ಸರಿ ಎನ್ನಿಸುತ್ತವೆ. ಕೊನೆಗೆ ನಾನು ಆರಿಸಿದ್ದೇ ತಪ್ಪಾಗಿರುತ್ತದೆ." ಸೂತ್ರಗಳೆಲ್ಲ ಬಾಯಿಪಾಠವಾಗಿರುವವರೂ ಹೀಗೆನ್ನುತ್ತಾರೆ, ವರ್ಷಗಟ್ಟಲೆ ಪ್ರಾಜೆಕ್ಟ್‌ಗಳನ್ನು ನಡೆಸಿ ನುರಿತವರೂ ಹೀಗೆನ್ನುತ್ತಾರೆ. ನಾನು ತಂತ್ರಾಂಶ ಪ್ರಾಜೆಕ್ಟ್‌ಗಳನ್ನು ನಡೆಸುವವಳು. ಈ ಪರೀಕ್ಷೆಗೆ ಕೂರುವ ಸಹೋದ್ಯೋಗಿಗಳ ಜೊತೆ ಸಂಜೆ ಹೊತ್ತು ಕುಳಿತು ಪ್ರಶ್ನೆಗಳನ್ನು ಬಿಡಿಸಿ ನೋಡುವುದು ನನಗೆ ಬಹಳ ಇಷ್ಟದ ಕೆಲಸ. ಅವರಿಗೆ ನಾನು ಮೊದಲು ಹೇಳುವುದು ಇಷ್ಟು: ಉಳಿದ ಆ ಎರಡೂ ಆಯ್ಕೆಗಳು ಸಾಮಾನ್ಯವಾಗಿ ಸರಿಯೇ ಆಗಿರುತ್ತವೆ. ಒಂದು ಈ ಗಳಿಗೆಗೆ ಸರಿ, ಇನ್ನೊಂದು ಬೇರೆ ಗಳಿಗೆಗೆ ಸರಿ. ಪ್ರಶ್ನೆಯ ಕಥೆ ಯಾವ ಗಳಿಗೆಯಲ್ಲಿ ನಿಂತಿದೆ, ಅಲ್ಲಿಯವರೆಗೆ ಏನಾಗಿದೆ, ಏನು ಇನ್ನೂ ಆಗಿಲ್ಲ ಎಂಬುದನ್ನು ಓದಿ ಹಿಡಿಯಲು ಕಲಿತರೆ ತಯಾರಿಯ ಬಹುಪಾಲು ಮುಗಿದಂತೆ.

ಪರೀಕ್ಷೆಯ ಸ್ವರೂಪವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇದನ್ನು ನಡೆಸುವುದು 1969ರಲ್ಲಿ ಹುಟ್ಟಿದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್, ಅಂದರೆ ಪಿಎಂಐ. 2021ರ ಜನವರಿಯಲ್ಲಿ ಜಾರಿಗೆ ಬಂದ ರೂಪುರೇಷೆಯಲ್ಲಿ 180 ಪ್ರಶ್ನೆಗಳಿಗೆ 230 ನಿಮಿಷ. ಅವುಗಳಲ್ಲಿ ಐದಕ್ಕೆ ಅಂಕವಿಲ್ಲ, ಆದರೆ ಆ ಐದು ಯಾವುವೆಂದು ಗೊತ್ತಾಗುವುದಿಲ್ಲ. ಜನರನ್ನು ಕುರಿತ ಪ್ರಶ್ನೆಗಳು ಶೇಕಡ 42, ಪ್ರಕ್ರಿಯೆಗಳ ಕುರಿತವು ಶೇಕಡ 50, ವ್ಯವಹಾರದ ಪರಿಸರದ ಕುರಿತವು ಶೇಕಡ 8. ಹೆಚ್ಚುಕಡಿಮೆ ಅರ್ಧದಷ್ಟು ಪ್ರಶ್ನೆಗಳು ಮುಂಚಿತವಾಗಿಯೇ ಎಲ್ಲವನ್ನೂ ಯೋಜಿಸುವ ವಿಧಾನಕ್ಕೆ ಸೇರಿದವು, ಉಳಿದರ್ಧ ಅಜೈಲ್ (ಚಿಕ್ಕ ಚಿಕ್ಕ ಕಂತುಗಳಲ್ಲಿ ಕೆಲಸ ಮಾಡುತ್ತಾ ಯೋಜನೆಯನ್ನು ತಿದ್ದಿಕೊಳ್ಳುವ ವಿಧಾನ) ಅಥವಾ ಎರಡರ ಮಿಶ್ರಣಕ್ಕೆ ಸೇರಿದವು. ಈ ಹಂಚಿಕೆಯನ್ನು ಪಿಎಂಐ ಆಗಾಗ ಪರಿಷ್ಕರಿಸುತ್ತದೆ. ಆದ್ದರಿಂದ ಅರ್ಜಿ ಹಾಕುವ ದಿನ ಅದರ ಜಾಲತಾಣದಲ್ಲಿರುವ ರೂಪುರೇಷೆಯನ್ನು ಇಳಿಸಿಕೊಂಡು ಓದಿ. ಹಂಚಿಕೆ ಬದಲಾದರೂ ಪ್ರಶ್ನೆಗಳ ಗುಣ ಬದಲಾಗುವುದಿಲ್ಲ. ವ್ಯಾಖ್ಯೆ ಕೇಳುವ ಪ್ರಶ್ನೆಗಳು ಅಪರೂಪ. ಒಂದು ಸನ್ನಿವೇಶವನ್ನು ಮುಂದಿಟ್ಟು "ನೀವು ಏನು ಮಾಡುತ್ತೀರಿ" ಎಂದು ಕೇಳುವವೇ ಹೆಚ್ಚು.

ಕೊನೆಯ ಸಾಲನ್ನು ಮೊದಲು ಓದಿ

ಪ್ರಶ್ನೆಯ ಕೊನೆಯ ಸಾಲಿನಲ್ಲಿ ಒಂದು ಆಜ್ಞೆ ಇರುತ್ತದೆ. "ಮೊದಲು ಏನು ಮಾಡಬೇಕು", "ಮುಂದೆ ಏನು ಮಾಡಬೇಕು", "ಇದನ್ನು ತಪ್ಪಿಸಲು ಏನು ಮಾಡಬೇಕಿತ್ತು", "ಇದಕ್ಕೆ ಕಾರಣ ಏನಿರಬಹುದು" ಇವೆಲ್ಲ ಬೇರೆಬೇರೆ ಪ್ರಶ್ನೆಗಳು. "ಮಾಡಬೇಕಿತ್ತು" ಎಂದರೆ ಉತ್ತರ ಹಿಂದಿನ ಯಾವುದೋ ಹಂತದಲ್ಲಿದೆ; ಈಗಿನ ಸಮಸ್ಯೆಯನ್ನು ಚೆನ್ನಾಗಿ ಪರಿಹರಿಸುವ ಆಯ್ಕೆಯೂ ಅಲ್ಲಿ ತಪ್ಪೇ. "ಮೊದಲು" ಎಂದರೆ ಮುಂದೆ ಮಾಡಬೇಕಾದ ಒಳ್ಳೆಯ ಕೆಲಸಗಳೆಲ್ಲ ತಪ್ಪು ಆಯ್ಕೆಗಳಾಗಿ ಸಾಲುಗಟ್ಟಿ ನಿಂತಿರುತ್ತವೆ. ಕೊನೆಯ ಸಾಲನ್ನು ಓದಿ, ಬಳಿಕ ಮೇಲಿನಿಂದ ಕಥೆಯನ್ನು ಓದಿದರೆ ಯಾವ ವಿವರ ಹುಡುಕಬೇಕೆಂಬುದು ಮನಸ್ಸಿನಲ್ಲಿ ಸ್ಪಷ್ಟವಾಗಿರುತ್ತದೆ.

ಒಂದು ಪ್ರಶ್ನೆಯನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. ಇದು ನಾನೇ ಬರೆದದ್ದು.

ಪ್ರಾಜೆಕ್ಟ್ ಅರ್ಧ ಮುಗಿದಿದೆ. ವ್ಯಾಪ್ತಿಯ ಬೇಸ್‌ಲೈನ್‌ಗೆ, ಅಂದರೆ ಏನೇನು ಮಾಡಬೇಕೆಂದು ಒಪ್ಪಿಕೊಂಡ ಯೋಜನೆಗೆ, ಅನುಮೋದನೆ ಸಿಕ್ಕಿದೆ. ಗ್ರಾಹಕ ಸಂಸ್ಥೆಯ ವಿಭಾಗ ಮುಖ್ಯಸ್ಥೆಯೊಬ್ಬರು ತಿಂಗಳ ವರದಿಯಲ್ಲಿ ಹೊಸದೊಂದು ಕೋಷ್ಟಕ ಬೇಕೆಂದು ತಂಡದ ಸದಸ್ಯನನ್ನು ನೇರವಾಗಿ ಕೇಳುತ್ತಾರೆ. ಸದಸ್ಯ ನಿಮ್ಮ ಬಳಿ ಬಂದು, "ಎರಡು ಗಂಟೆಯ ಕೆಲಸ ಅಷ್ಟೆ" ಎನ್ನುತ್ತಾನೆ. ಪ್ರಾಜೆಕ್ಟ್ ಮ್ಯಾನೇಜರ್ ಮೊದಲು ಏನು ಮಾಡಬೇಕು?

ಅ) ಕೆಲಸ ಚಿಕ್ಕದಾದ್ದರಿಂದ ಮಾಡಿಕೊಡಲು ಸದಸ್ಯನಿಗೆ ಹೇಳಬೇಕು.
ಆ) ಇದು ವ್ಯಾಪ್ತಿಯ ಹೊರಗಿನದೆಂದು ಮುಖ್ಯಸ್ಥೆಗೆ ತಿಳಿಸಿ ನಿರಾಕರಿಸಬೇಕು.
ಇ) ಈ ಬದಲಾವಣೆಯಿಂದ ವೇಳಾಪಟ್ಟಿ, ವೆಚ್ಚ, ಗುಣಮಟ್ಟಗಳ ಮೇಲಾಗುವ ಪರಿಣಾಮವನ್ನು ತಂಡದೊಂದಿಗೆ ಪರಿಶೀಲಿಸಬೇಕು.
ಈ) ಬದಲಾವಣೆ ನಿಯಂತ್ರಣ ಮಂಡಳಿಗೆ ಕೋರಿಕೆ ಸಲ್ಲಿಸಬೇಕು.

'ಅ' ಮತ್ತು 'ಆ' ಬೇಗ ಉದುರುತ್ತವೆ. ಬೇಸ್‌ಲೈನ್ ಒಪ್ಪಿಗೆಯಾದ ಮೇಲೆ ಎರಡು ಗಂಟೆಯ ಕೆಲಸವೂ ಬದಲಾವಣೆಯೇ. ಹಾಗೆಯೇ ಪರಿಶೀಲಿಸದೆ ನಿರಾಕರಿಸುವ ಹಕ್ಕು ಮ್ಯಾನೇಜರಿಗಿಲ್ಲ, ಆ ಕೋಷ್ಟಕ ಪ್ರಾಜೆಕ್ಟಿನ ಮೌಲ್ಯವನ್ನೇ ಹೆಚ್ಚಿಸಬಹುದು. ಜನ ಎಡವುವುದು 'ಇ' ಮತ್ತು 'ಈ' ನಡುವೆ. "ಬದಲಾವಣೆ" ಎಂದೊಡನೆ "ಮಂಡಳಿ" ಎಂದು ನೆನಪಿಗೆ ಬರುವಂತೆ ಓದಿದವರು 'ಈ' ಎನ್ನುತ್ತಾರೆ. ಆದರೆ ಪರಿಣಾಮ ಏನೆಂದು ಬರೆಯದ ಕೋರಿಕೆಯನ್ನು ಇಟ್ಟುಕೊಂಡು ಮಂಡಳಿ ಯಾವ ತೀರ್ಮಾನ ಮಾಡೀತು? ಪ್ರಶ್ನೆ ಕೇಳಿದ್ದು ಮೊದಲ ಹೆಜ್ಜೆಯನ್ನು, ಪರಿಶೀಲನೆ ಆಗಿದೆ ಎಂಬ ಮಾತು ಕಥೆಯಲ್ಲಿ ಎಲ್ಲಿಯೂ ಇಲ್ಲ. ಉತ್ತರ 'ಇ'.

ಇಲ್ಲಿಗೆ ನಿಲ್ಲಿಸಬೇಡಿ. ಅದೇ ಕಥೆಯ ಒಂದೇ ಒಂದು ವಾಕ್ಯವನ್ನು ಬದಲಿಸಿ ನೋಡಿ. "ತಂಡ ಪರಿಣಾಮವನ್ನು ಲೆಕ್ಕ ಹಾಕಿದೆ, ಎರಡು ದಿನ ಹೆಚ್ಚು ಬೇಕಾಗುತ್ತದೆ" ಎಂದು ಸೇರಿಸಿದರೆ ಉತ್ತರ 'ಈ' ಆಗುತ್ತದೆ. "ಮಂಡಳಿ ಕೋರಿಕೆಯನ್ನು ಒಪ್ಪಿದೆ" ಎಂದು ಸೇರಿಸಿದರೆ ಬೇಸ್‌ಲೈನ್ ಮತ್ತು ಯೋಜನಾ ದಾಖಲೆಗಳನ್ನು ತಿದ್ದಿ, ಸಂಬಂಧಪಟ್ಟವರಿಗೆ ತಿಳಿಸುವುದು ಮುಂದಿನ ಹೆಜ್ಜೆ. ಅದಾದ ಮೇಲಷ್ಟೇ ಕೆಲಸ ಶುರು. "ಸದಸ್ಯ ಆ ಕೋಷ್ಟಕವನ್ನು ಈಗಾಗಲೇ ಸೇರಿಸಿಬಿಟ್ಟಿದ್ದಾನೆ" ಎಂದರೆ ಕಥೆಯೇ ಬೇರೆ. ಆದದ್ದನ್ನು ಅರಿತು, ಪರಿಣಾಮ ನೋಡಿ, ಬದಲಾವಣೆಯ ಪ್ರಕ್ರಿಯೆಗೆ ತಂದು, ಹೀಗೆ ಮತ್ತೆ ಆಗದಂತೆ ತಂಡದೊಡನೆ ಮಾತಾಡಬೇಕು. ಇನ್ನು "ತಂಡ ಎರಡು ವಾರದ ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುತ್ತಿದೆ" ಎಂಬ ವಾಕ್ಯ ಬಂದರೆ, ಅಂದರೆ ಕೆಲಸ ಅಜೈಲ್ ಕಂತುಗಳಲ್ಲಿ ನಡೆಯುತ್ತಿದ್ದರೆ, ಮಂಡಳಿಯ ಮಾತೇ ಬರುವುದಿಲ್ಲ. ಕೋರಿಕೆ ಪ್ರಾಡಕ್ಟ್ ಓನರ್ (ಯಾವ ಕೆಲಸ ಮೊದಲು ಎಂದು ನಿರ್ಧರಿಸುವವರು) ಬಳಿಗೆ ಹೋಗುತ್ತದೆ, ಅದನ್ನು ಬ್ಯಾಕ್‌ಲಾಗಿನಲ್ಲಿ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, ಎಲ್ಲಿ ಇಡಬೇಕೆಂದು ಅವರೇ ತೀರ್ಮಾನಿಸುತ್ತಾರೆ.

ಈ ಅಭ್ಯಾಸಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಒಂದು ಒಳ್ಳೆಯ ಪ್ರಶ್ನೆ ಸಿಕ್ಕರೆ ಅದನ್ನು ಹೀಗೆ ನಾಲ್ಕೈದು ಬಗೆಯಲ್ಲಿ ತಿರುಗಿಸಿ, ಪ್ರತಿ ಸಲವೂ ಉತ್ತರ ಹೇಗೆ ಸರಿದುಹೋಗುತ್ತದೆಂದು ನೋಡಿ. ಯಾವ ವಾಕ್ಯ ಬಂದರೆ ಯಾವ ಆಯ್ಕೆಗೆ ಜೀವ ಬರುತ್ತದೆ ಎಂಬುದು ಹತ್ತಾರು ಪ್ರಶ್ನೆಗಳಲ್ಲೇ ಕೈಗೆ ಹತ್ತುತ್ತದೆ. ನೂರಾರು ಪ್ರಶ್ನೆಗಳನ್ನು ಓಡೋಡಿ ಮುಗಿಸಿ ಅಂಕ ಎಣಿಸುವುದರಿಂದ ಇದು ಬರುವುದಿಲ್ಲ.

ತೀರ್ಮಾನ ಯಾರದು?

ಕಥೆ ಓದುವಾಗ ಎರಡನೆಯದಾಗಿ ಗುರುತಿಸಬೇಕಾದದ್ದು ಕೆಲಸದ ವಿಧಾನ. ಸ್ಪ್ರಿಂಟ್, ಬ್ಯಾಕ್‌ಲಾಗ್, ರೆಟ್ರೊಸ್ಪೆಕ್ಟಿವ್ (ಸ್ಪ್ರಿಂಟ್ ಮುಗಿದಾಗ ತಂಡ ತನ್ನ ಕೆಲಸದ ರೀತಿಯನ್ನು ಹಿಂತಿರುಗಿ ನೋಡುವ ಸಭೆ), ಪ್ರಾಡಕ್ಟ್ ಓನರ್ ಮುಂತಾದ ಪದಗಳು ಕಂಡರೆ ಅಜೈಲ್. ಬೇಸ್‌ಲೈನ್, ಬದಲಾವಣೆ ಮಂಡಳಿ, ಹಂತದ ಅಂತ್ಯದ ಪರಿಶೀಲನೆ ಎಂದಿದ್ದರೆ ಸಾಂಪ್ರದಾಯಿಕ ವಿಧಾನ. ಕೆಲವು ಕಥೆಗಳಲ್ಲಿ ಎರಡೂ ಬೆರೆತಿರುತ್ತವೆ, ಉದಾಹರಣೆಗೆ ಯಂತ್ರದ ಭಾಗವನ್ನು ಕರಾರಿನ ಪ್ರಕಾರ ಕಟ್ಟುತ್ತಾ ಅದರ ತಂತ್ರಾಂಶವನ್ನು ಸ್ಪ್ರಿಂಟ್‌ಗಳಲ್ಲಿ ಬರೆಯುವ ಪ್ರಾಜೆಕ್ಟ್. ಅಲ್ಲಿ ಸಮಸ್ಯೆ ಯಾವ ಭಾಗದಲ್ಲಿ ಹುಟ್ಟಿದೆ ಎಂದು ನೋಡಿ, ಆ ಭಾಗದ ನಿಯಮದ ಪ್ರಕಾರ ನಡೆಯಬೇಕು.

ವಿಧಾನ ಗೊತ್ತಾದರೆ ತೀರ್ಮಾನ ಯಾರ ಕೈಯಲ್ಲಿದೆ ಎಂಬುದು ಗೊತ್ತಾಗುತ್ತದೆ. ಅಜೈಲ್‌ನ ಒಂದು ಬಗೆಯಾದ ಸ್ಕ್ರಮ್ ಮಾದರಿಯಲ್ಲಿ ಬ್ಯಾಕ್‌ಲಾಗಿನ ಕ್ರಮ ಪ್ರಾಡಕ್ಟ್ ಓನರ್‌ಗೆ ಸೇರಿದ್ದು, ಸ್ಪ್ರಿಂಟನ್ನು ನಡುವೆಯೇ ರದ್ದು ಮಾಡುವ ಅಧಿಕಾರವೂ ಅವರಿಗೆ ಮಾತ್ರ. ಒಂದು ಸ್ಪ್ರಿಂಟ್‌ನಲ್ಲಿ ಎಷ್ಟು ಕೆಲಸ ಒಪ್ಪಿಕೊಳ್ಳಬಹುದು, ಅದನ್ನು ಹೇಗೆ ಮಾಡಬೇಕು ಎಂಬುದು ಕೆಲಸ ಮಾಡುವವರಿಗೆ ಸೇರಿದ್ದು. ಅಡೆತಡೆಗಳನ್ನು ತೆಗೆಸುವುದು, ತಂಡವನ್ನು ತರಬೇತುಗೊಳಿಸುವುದು ಸ್ಕ್ರಮ್ ಮಾಸ್ಟರ್ ಹೊಣೆ. ಸಾಂಪ್ರದಾಯಿಕ ವಿಧಾನದಲ್ಲಿ ಪ್ರಾಜೆಕ್ಟ್ ಚಾರ್ಟರ್‌ಗೆ (ಪ್ರಾಜೆಕ್ಟನ್ನು ಅಧಿಕೃತವಾಗಿ ಶುರುಮಾಡುವ ದಾಖಲೆಗೆ) ಸಹಿ ಹಾಕುವುದು, ಹಣ ಬಿಡುಗಡೆ ಮಾಡುವುದು ಸ್ಪಾನ್ಸರ್ ಕೆಲಸ. ಬೇಸ್‌ಲೈನ್ ಬದಲಾವಣೆ ಮಂಡಳಿಯ ಕೆಲಸ. ಮ್ಯಾನೇಜರ್ ಪ್ರಾಡಕ್ಟ್ ಓನರ್‌ನ ಕುರ್ಚಿಯಲ್ಲಿ ಕುಳಿತು ಆದ್ಯತೆ ನಿರ್ಧರಿಸುವ ಆಯ್ಕೆ ಎಷ್ಟೇ ಚುರುಕಾಗಿ ಕಂಡರೂ ಅದನ್ನು ಹೊಡೆದುಹಾಕಿ. ಇನ್ನೊಬ್ಬರ ತೀರ್ಮಾನವನ್ನು ಕಸಿದುಕೊಳ್ಳುವ ಆಯ್ಕೆಗಳು ಈ ಪರೀಕ್ಷೆಯಲ್ಲಿ ಗೆಲ್ಲುವುದು ಬಹಳ ಅಪರೂಪ.

ರಿಸ್ಕ್ ಪ್ರಶ್ನೆಗಳಿಗೆ ಇದೇ ಓದು ಸಾಕು, ಇಲ್ಲಿ ನೋಡಬೇಕಾದದ್ದು ಕ್ರಿಯಾಪದದ ಕಾಲ. "ಸರಬರಾಜು ತಡವಾಗಬಹುದು" ಎಂದರೆ ಅದಿನ್ನೂ ರಿಸ್ಕ್: ರಿಸ್ಕ್‌ಗಳ ಪಟ್ಟಿಯಾದ ರಿಜಿಸ್ಟರ್‌ಗೆ ಸೇರಿಸಿ, ವಿಶ್ಲೇಷಿಸಿ, ಪ್ರತಿಕ್ರಿಯೆ ಯೋಜಿಸಬೇಕು. "ತಡವಾಗಿದೆ" ಎಂದರೆ ಸಮಸ್ಯೆ ಎದುರಿಗೇ ಬಂದಿದೆ. ಮೊದಲೇ ಗುರುತಿಸಿದ ರಿಸ್ಕ್ ಆಗಿದ್ದರೆ ಯೋಜಿಸಿಟ್ಟ ಪ್ರತಿಕ್ರಿಯೆಯನ್ನು ಜಾರಿಗೊಳಿಸಬೇಕು. ಗುರುತಿಸಿರದಿದ್ದರೆ ಇಶ್ಯೂ ಲಾಗ್‌ನಲ್ಲಿ ದಾಖಲಿಸಿ ಪರಿಹಾರ ಹುಡುಕಬೇಕು. "ಗುರುತಿಸಲಾಗಿತ್ತು" ಎಂಬ ಒಂದು ಪದ ಕಥೆಯ ಮಧ್ಯೆ ಎಲ್ಲೋ ಕುಳಿತಿರುತ್ತದೆ, ಅದನ್ನು ಹುಡುಕಿ ಗೆರೆ ಎಳೆಯಿರಿ.

ಜನರ ನಡುವಿನ ಪ್ರಶ್ನೆಗಳು

ಅನುಭವಿಗಳು ಹೆಚ್ಚು ಅಂಕ ಕಳೆದುಕೊಳ್ಳುವುದು ಇಲ್ಲಿ. ಅವರು ತಮ್ಮ ಕಚೇರಿಯಲ್ಲಿ ನಡೆಯುವುದನ್ನು ಉತ್ತರವಾಗಿ ಆರಿಸುತ್ತಾರೆ. ಮೇಲಧಿಕಾರಿಗೆ ಇಮೇಲ್ ಹಾಕುವುದು, ಸದಸ್ಯನನ್ನು ಬದಲಿಸುವುದು, ತಾವೇ ತೀರ್ಪು ಕೊಟ್ಟು ಮುಗಿಸುವುದು ಎಷ್ಟೋ ಕಡೆ ನಡೆಯುತ್ತದೆ, ನಿಜ. ಪ್ರಶ್ನೆ ಕೇಳುತ್ತಿರುವುದು ಮಾತ್ರ ಒಳ್ಳೆಯ ಮ್ಯಾನೇಜರ್ ಏನು ಮಾಡಬೇಕು ಎಂದು.

ಈ ಕಥೆಯನ್ನು ನೋಡಿ. ಹೊಸದಾಗಿ ಕೂಡಿದ ಅಜೈಲ್ ತಂಡ. ಇಬ್ಬರು ಹಿರಿಯ ಡೆವಲಪರ್‌ಗಳು ವಿನ್ಯಾಸದ ಬಗ್ಗೆ ದಿನವೂ ವಾದಿಸುತ್ತಾರೆ. ಹದಿನೈದು ನಿಮಿಷದ ದೈನಂದಿನ ಸಭೆ ಅರ್ಧ ಗಂಟೆ ದಾಟುತ್ತಿದೆ, ಉಳಿದವರು ಮಾತಾಡುವುದನ್ನೇ ನಿಲ್ಲಿಸಿದ್ದಾರೆ. ನೀವು ಏನು ಮಾಡಬೇಕು? ಆಯ್ಕೆಗಳು: ವಿನ್ಯಾಸವನ್ನು ನೀವೇ ಆರಿಸುವುದು, ಇಬ್ಬರ ವಿಭಾಗಾಧಿಕಾರಿಗಳಿಗೆ ತಿಳಿಸುವುದು, ಚರ್ಚೆಯನ್ನು ಸಭೆಯ ಹೊರಗಿಟ್ಟು ಇಬ್ಬರನ್ನೂ ಕೂರಿಸಿಕೊಂಡು ಒಮ್ಮತಕ್ಕೆ ಬರಲು ನೆರವಾಗುವುದು, ಮುಂದಿನ ರೆಟ್ರೊಸ್ಪೆಕ್ಟಿವ್‌ನಲ್ಲಿ ತಂಡವೇ ಈ ವಿಷಯ ಎತ್ತಲೆಂದು ಕಾಯುವುದು.

ಕೊನೆಯ ಆಯ್ಕೆಯ ಆಕರ್ಷಣೆ ದೊಡ್ಡದು. "ಸ್ವಯಂಸಂಘಟಿತ ತಂಡ" ಎಂಬ ಪಾಠ ಕಲಿತವರೆಲ್ಲ ಅದರ ಕಡೆಗೆ ವಾಲುತ್ತಾರೆ. ಆದರೆ "ದಿನವೂ" ಮತ್ತು "ಮಾತಾಡುವುದನ್ನೇ ನಿಲ್ಲಿಸಿದ್ದಾರೆ" ಎಂಬ ಎರಡು ವಿವರಗಳು ಕಾಯುವ ಕಾಲ ಕಳೆದಿದೆ ಎನ್ನುತ್ತಿವೆ. ಬ್ರೂಸ್ ಟಕ್‌ಮನ್ 1965ರಲ್ಲಿ ವಿವರಿಸಿದ ತಂಡದ ಹಂತಗಳಲ್ಲಿ ಇದು ಎರಡನೆಯದು, ಘರ್ಷಣೆಯ ಹಂತ. ಹೊಸ ತಂಡದಲ್ಲಿ ವಾದ ನಡೆಯುವುದು ಸಹಜ, ಆದರೆ ನಾಯಕನ ನೆರವು ಹೆಚ್ಚು ಬೇಕಾಗುವುದೂ ಆಗಲೇ. ಮೂರನೆಯ ಆಯ್ಕೆಯೇ ಉತ್ತರ. ಅದರಲ್ಲಿ ತೀರ್ಮಾನ ಆ ಇಬ್ಬರ ಕೈಯಲ್ಲೇ ಉಳಿಯುತ್ತದೆ, ಸಭೆ ಉಳಿದವರಿಗೆ ಮರಳಿ ಸಿಗುತ್ತದೆ. ಈಗ ಕಥೆಯನ್ನು ತಿರುಗಿಸಿ: "ಇವತ್ತು ಮೊದಲ ಸಲ ಭಿನ್ನಾಭಿಪ್ರಾಯ ಬಂದಿದೆ, ಇಬ್ಬರೂ ಮಧ್ಯಾಹ್ನ ಕುಳಿತು ಮಾತಾಡಲು ಒಪ್ಪಿದ್ದಾರೆ." ಆಗ ನೀವು ನಡುವೆ ಹೋಗುವುದೇ ತಪ್ಪು.

ತಯಾರಿಯ ಗುಂಪುಗಳಲ್ಲಿ ಹರಿದಾಡುವ ಒಂದು ಸೂತ್ರವನ್ನು ನಾನು ಬಲವಾಗಿ ವಿರೋಧಿಸುತ್ತೇನೆ: "ಮೇಲಿನವರಿಗೆ ಒಪ್ಪಿಸುವ ಆಯ್ಕೆ ಯಾವಾಗಲೂ ತಪ್ಪು." ಹಾಗಿಲ್ಲ. ನಿಮ್ಮ ಕೈಯಲ್ಲಿ ಮಾಡಬಹುದಾದದ್ದು ಉಳಿದಿರುವಾಗ ಮೇಲಕ್ಕೆ ದಾಟಿಸುವುದು ತಪ್ಪು. ವಿಷಯ ನಿಮ್ಮ ಅಧಿಕಾರದ ಆಚೆಗಿದ್ದರೆ, ಅಂದರೆ ಚಾರ್ಟರ್‌ನ ಗುರಿಯೇ ಬದಲಾಗಬೇಕಾದಾಗ, ಇಡೀ ಸಂಸ್ಥೆಯ ಮೇಲೆ ಬೀಳುವ ರಿಸ್ಕ್ ಕಂಡಾಗ, ಇಬ್ಬರು ಹಿರಿಯ ಸ್ಟೇಕ್‌ಹೋಲ್ಡರ್‌ಗಳ (ಪ್ರಾಜೆಕ್ಟಿನಲ್ಲಿ ಹಿತಾಸಕ್ತಿ ಇರುವವರ) ಗುರಿಗಳು ಒಂದಕ್ಕೊಂದು ವಿರುದ್ಧವಾಗಿದ್ದು ನಿಮ್ಮ ಸಂಧಾನ ಫಲಿಸದಿದ್ದಾಗ, ಸ್ಪಾನ್ಸರ್ ಬಳಿ ಹೋಗುವುದೇ ಸರಿಯಾದ ಉತ್ತರ. ಸುರಕ್ಷತೆ ಮತ್ತು ನೀತಿಯ ಪ್ರಶ್ನೆಗಳಲ್ಲಂತೂ ಮೌನವಾಗಿರುವ ಆಯ್ಕೆ ಎಂದೂ ಸರಿಯಲ್ಲ. ಪಿಎಂಐ ನೀತಿ ಸಂಹಿತೆ ನಾಲ್ಕು ಮೌಲ್ಯಗಳ ಮೇಲೆ ನಿಂತಿದೆ: ಹೊಣೆಗಾರಿಕೆ, ಗೌರವ, ನ್ಯಾಯ, ಪ್ರಾಮಾಣಿಕತೆ. ಅದು ಚಿಕ್ಕ ದಾಖಲೆ, ಒಂದೇ ಕೂರಿಕೆಯಲ್ಲಿ ಓದಬಹುದು. ದಯವಿಟ್ಟು ಓದಿ. ಪ್ರಗತಿ ವರದಿಯಲ್ಲಿ ತಡವನ್ನು ಮರೆಮಾಚಲು ಸ್ಪಾನ್ಸರ್ ಹೇಳುವ ಕಥೆ ಬಂದಾಗ ಅದರ ಉತ್ತರ ಯಾವ ಪ್ರಕ್ರಿಯಾ ಕೋಷ್ಟಕದಲ್ಲೂ ಸಿಗುವುದಿಲ್ಲ, ಈ ಸಂಹಿತೆಯಲ್ಲಿ ಸಿಗುತ್ತದೆ.

ಅಂಕಿಗಳನ್ನು ಓದುವುದು

ಲೆಕ್ಕದ ಪ್ರಶ್ನೆಗಳು ಈಗ ಕಡಿಮೆ. ಇರುವವು ಬಹುಪಾಲು ಅಂಕಿಗಳ ಅರ್ಥ ಕೇಳುತ್ತವೆ, ಭಾಗಾಕಾರವನ್ನಲ್ಲ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಒಟ್ಟು ಬಜೆಟ್ 1,000 ಆಳುದಿನ. ಇಲ್ಲಿಯವರೆಗೆ ಆಗಿರಬೇಕಿದ್ದ ಕೆಲಸದ ಮೌಲ್ಯ 450, ನಿಜವಾಗಿ ಆಗಿರುವ ಕೆಲಸದ ಮೌಲ್ಯ 400, ಖರ್ಚಾದದ್ದು 500. ವೆಚ್ಚ ಸೂಚ್ಯಂಕ, ಅಂದರೆ ಸಿಪಿಐ, 400 ಭಾಗಿಸು 500, ಅಂದರೆ 0.8. ವೇಳಾ ಸೂಚ್ಯಂಕ, ಅಂದರೆ ಎಸ್‌ಪಿಐ, 400 ಭಾಗಿಸು 450, ಸುಮಾರು 0.89. ಎರಡೂ ಒಂದಕ್ಕಿಂತ ಕಡಿಮೆ: ಖರ್ಚು ಮೀರಿದೆ, ಕೆಲಸ ಹಿಂದೆ ಬಿದ್ದಿದೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ.

ಪ್ರಾಜೆಕ್ಟ್ ಮುಗಿಯುವಾಗ ಒಟ್ಟು ಎಷ್ಟು ಖರ್ಚಾಗುತ್ತದೆ ಎಂದು ಕೇಳಿದರೆ ಆಗ ಓದಿನ ಪರೀಕ್ಷೆ ಶುರು. ಕಥೆಯಲ್ಲಿ "ತಂಡದ ವೇಗ ಅಂದಾಜಿಗಿಂತ ಕಡಿಮೆ, ಇದು ಹೀಗೇ ಮುಂದುವರಿಯುವ ನಿರೀಕ್ಷೆ" ಎಂದಿದ್ದರೆ ಬಜೆಟನ್ನು ಸಿಪಿಐನಿಂದ ಭಾಗಿಸಬೇಕು: 1,250. "ಸರ್ವರ್ ಕೆಟ್ಟು ಒಂದು ಭಾಗವನ್ನು ಮತ್ತೆ ಮಾಡಬೇಕಾಯಿತು, ಅದು ಈಗ ಸರಿಯಾಗಿದೆ" ಎಂದಿದ್ದರೆ ಉಳಿದ ಕೆಲಸ ಮೂಲ ಅಂದಾಜಿನಂತೆಯೇ ನಡೆಯುತ್ತದೆ: ಖರ್ಚಾದ 500ಕ್ಕೆ ಉಳಿದ ಕೆಲಸದ 600 ಕೂಡಿಸಿ 1,100. ಮುಗಿಸುವ ದಿನಾಂಕ ಬದಲಾಗುವಂತಿಲ್ಲ, ತಡವೂ ವೆಚ್ಚದ ಮೇಲೆ ಒತ್ತಡ ತರುತ್ತಿದೆ ಎಂದಿದ್ದರೆ ಉಳಿದ 600ನ್ನು ಎರಡೂ ಸೂಚ್ಯಂಕಗಳ ಗುಣಲಬ್ಧದಿಂದ ಭಾಗಿಸಿ 500ಕ್ಕೆ ಕೂಡಿಸಬೇಕು: ಸುಮಾರು 1,344. ಅಂಕಿಗಳು ಮೂರು ಸಲವೂ ಅವೇ. ಉತ್ತರವನ್ನು ಬದಲಿಸಿದ್ದು ಕಾರಣ ಹೇಳಿದ ಆ ಒಂದು ವಾಕ್ಯ. ಮೂರು ಸಂಖ್ಯೆಗಳೂ ಆಯ್ಕೆಗಳಲ್ಲಿ ಇರುತ್ತವೆ ಎಂದೇ ಇಟ್ಟುಕೊಳ್ಳಿ.

ಅದೇ ಅಂಕಿಗಳನ್ನು ಕೊಟ್ಟು "ಮ್ಯಾನೇಜರ್ ಮೊದಲು ಏನು ಮಾಡಬೇಕು" ಎಂದು ಕೇಳಿ, ಕಾರಣವನ್ನು ಹೇಳದೆ ಬಿಟ್ಟಿದ್ದರೆ, ಕಾರಣ ಹುಡುಕುವ ಆಯ್ಕೆಯನ್ನು ಹಿಡಿಯಿರಿ. ಹೆಚ್ಚು ಜನರನ್ನು ಸೇರಿಸುವುದು, ವ್ಯಾಪ್ತಿಯನ್ನು ಕತ್ತರಿಸುವುದು, ಹೆಚ್ಚುವರಿ ಹಣ ಕೇಳುವುದು ಎಲ್ಲವೂ ನಾಡಿ ಹಿಡಿಯದೆ ಮದ್ದು ಕೊಟ್ಟಂತೆ.

ಎಸ್‌ಪಿಐ ಬಗ್ಗೆ ಒಂದು ಎಚ್ಚರಿಕೆ. ಅದು 1.05 ಇದ್ದರೂ ಪ್ರಾಜೆಕ್ಟ್ ತಡವಾಗುತ್ತಿರಬಹುದು. ತಂಡ ಸುಲಭದ ಕೆಲಸಗಳನ್ನು ಮುಂಚಿತವಾಗಿ ಮುಗಿಸಿ, ಕ್ರಿಟಿಕಲ್ ಪಾಥ್ (ಮುಗಿಯುವ ದಿನಾಂಕವನ್ನು ನಿರ್ಧರಿಸುವ ಕೆಲಸಗಳ ಸರಣಿ) ಮೇಲಿನ ಕೆಲಸವನ್ನು ಹಿಂದೆ ಬಿಟ್ಟಿದ್ದರೆ ಸೂಚ್ಯಂಕ ಅದನ್ನು ತೋರಿಸುವುದಿಲ್ಲ. "ಎಸ್‌ಪಿಐ ಚೆನ್ನಾಗಿದೆ, ಆದರೂ ಮೈಲಿಗಲ್ಲು ತಪ್ಪಿತು, ಏಕೆ?" ಎಂಬ ಪ್ರಶ್ನೆಗೆ ಉತ್ತರ ಇದು. ಫ್ಲೋಟ್, ಅಂದರೆ ಒಂದು ಕೆಲಸ ತಡವಾಗಲು ಇರುವ ಬಿಡುವು, ಅದರ ವಿಷಯವೂ ಹೀಗೆಯೇ. ಐದು ದಿನದ ಒಟ್ಟು ಫ್ಲೋಟ್ ಇರುವ ಕೆಲಸ ಮೂರು ದಿನ ತಡವಾದರೆ ಮುಗಿಯುವ ದಿನಾಂಕ ಕದಲುವುದಿಲ್ಲ. ವೇಳಾಪಟ್ಟಿಯನ್ನು ತಿದ್ದಿ, ಉಳಿದ ಎರಡು ದಿನದ ಮೇಲೆ ಕಣ್ಣಿಡಬೇಕು. ಬದಲಾವಣೆ ಕೋರಿಕೆ ಬೇಕಿಲ್ಲ. ಆದರೆ ಆ ಕೆಲಸದ ಫ್ರೀ ಫ್ಲೋಟ್ (ಮುಂದಿನ ಕೆಲಸವನ್ನು ತಡಮಾಡದೆ ಸಿಗುವ ಬಿಡುವು) ಸೊನ್ನೆ ಎಂದಿದ್ದರೆ ಅದರ ಹಿಂದೆಯೇ ಬರುವ ಕೆಲಸ ತಡವಾಗಿ ಆರಂಭವಾಗುತ್ತದೆ, ಅದನ್ನು ಮಾಡುವವರಿಗೆ ತಿಳಿಸಬೇಕು.

ನಕ್ಷೆಗಳಲ್ಲಿ ಎರಡು ಸಾಕು. ಪ್ರಕ್ರಿಯೆಯ ಅಳತೆಗಳನ್ನು ಮೇಲಿನ ಮತ್ತು ಕೆಳಗಿನ ಮಿತಿಗಳ ನಡುವೆ ಗುರುತಿಸುವ ನಿಯಂತ್ರಣ ನಕ್ಷೆಯಲ್ಲಿ ಎಲ್ಲ ಬಿಂದುಗಳೂ ಮಿತಿಯೊಳಗಿದ್ದರೂ, ಸತತ ಏಳು ಬಿಂದುಗಳು ಸರಾಸರಿಯ ಒಂದೇ ಬದಿಯಲ್ಲಿದ್ದರೆ ಪ್ರಕ್ರಿಯೆ ನಿಯಂತ್ರಣ ತಪ್ಪಿದೆ ಎಂದು ಓದಬೇಕು, ಕಾರಣ ಹುಡುಕಬೇಕು. ಉಳಿದ ಕೆಲಸವನ್ನು ದಿನದಿನ ತೋರಿಸುವ ಬರ್ನ್‌ಡೌನ್ ನಕ್ಷೆಯ ಗೆರೆ ಬಹಳ ದಿನ ಸಮತಟ್ಟಾಗಿದ್ದು ಕೊನೆಯಲ್ಲಿ ಕಡಿದಾಗಿ ಇಳಿದಿದ್ದರೆ, ಕೆಲಸಗಳು ತೀರಾ ದೊಡ್ಡದಾಗಿವೆ ಅಥವಾ ಮುಗಿದದ್ದನ್ನು ದಿನದಿನ ದಾಖಲಿಸುತ್ತಿಲ್ಲ ಎಂಬ ಅನುಮಾನ ಬರಬೇಕು. ತಂಡ ಸೋಮಾರಿ ಎಂಬ ತೀರ್ಮಾನಕ್ಕೆ ಆ ಗೆರೆಯಲ್ಲಿ ಆಧಾರವಿಲ್ಲ.

ಅಭ್ಯಾಸದ ಪುಸ್ತಕ

ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ತಪ್ಪಾದ ಪ್ರತಿ ಪ್ರಶ್ನೆಯನ್ನೂ, ಊಹೆಯಿಂದ ಸರಿಯಾದ ಪ್ರತಿ ಪ್ರಶ್ನೆಯನ್ನೂ ಅದರಲ್ಲಿ ಬರೆಯಿರಿ. ಊಹೆಯಿಂದ ಸರಿಯಾದವನ್ನು ಬಿಟ್ಟುಬಿಡುವವರೇ ಹೆಚ್ಚು, ಅಂಕಪಟ್ಟಿ ಅವರನ್ನು ಸಮಾಧಾನಪಡಿಸಿಬಿಡುತ್ತದೆ. ಸರಿಯುತ್ತರದ ವಿವರಣೆಯನ್ನು ನಕಲು ಮಾಡುವುದರಿಂದ ಪ್ರಯೋಜನವಿಲ್ಲ. ಪ್ರತಿ ತಪ್ಪು ಆಯ್ಕೆಯ ಎದುರಿಗೆ, ಕಥೆಯ ಯಾವ ಪದ ಅದನ್ನು ತಪ್ಪು ಮಾಡಿತು ಎಂದು ಒಂದು ಸಾಲು ಬರೆಯಿರಿ. ಮೇಲಿನ ಕೋಷ್ಟಕದ ಪ್ರಶ್ನೆಗೆ ನನ್ನ ಸಾಲುಗಳು ಹೀಗಿರುತ್ತವೆ: "ಅ – ಬೇಸ್‌ಲೈನ್‌ಗೆ ಅನುಮೋದನೆ ಸಿಕ್ಕಿದೆ. ಆ – ಪರಿಶೀಲನೆ ಇಲ್ಲದ ನಿರಾಕರಣೆ. ಈ – 'ಮೊದಲು' ಎಂದು ಕೇಳಿದೆ, ವಿಶ್ಲೇಷಣೆ ಇನ್ನೂ ಆಗಿಲ್ಲ." ಕಥೆಯಿಂದ ಪದ ತೋರಿಸಲು ಆಗದಿದ್ದರೆ, ಕಥೆಯಲ್ಲಿಲ್ಲದ ಏನನ್ನೋ ನೀವು ಸೇರಿಸಿಕೊಂಡು ಓದಿದ್ದೀರಿ. "ಸ್ಪಾನ್ಸರ್ ಬಹುಶಃ ಒಪ್ಪಲಾರರು", "ಸಮಯ ಇರಲಾರದು" ಎಂಬಂಥ ಸೇರ್ಪಡೆಗಳು ಸ್ವಂತ ಅನುಭವದಿಂದ ಸದ್ದಿಲ್ಲದೆ ನುಸುಳುತ್ತವೆ.

ಕೆಲವು ವಾರ ಕಳೆದ ಮೇಲೆ ಪುಸ್ತಕವನ್ನು ಮೊದಲಿನಿಂದ ತಿರುವಿ ಹಾಕಿ. ನಿಮ್ಮ ತಪ್ಪುಗಳಿಗೆ ಒಂದು ಮುಖ ಇರುವುದು ಕಾಣುತ್ತದೆ. ಒಬ್ಬರು ಎಲ್ಲ ಕಡೆಯೂ ಅವಸರದಲ್ಲಿ ಕ್ರಮ ಕೈಗೊಳ್ಳುತ್ತಾರೆ, ಇನ್ನೊಬ್ಬರು ಎಲ್ಲವನ್ನೂ ಸಭೆ ಕರೆದು ಚರ್ಚಿಸುತ್ತಾರೆ, ಮತ್ತೊಬ್ಬರು ಅಜೈಲ್ ಕಥೆಯಲ್ಲೂ ಮಂಡಳಿಯನ್ನು ಹುಡುಕುತ್ತಾರೆ. ನಿಮ್ಮ ಒಲವು ಯಾವ ಕಡೆಗೆಂದು ಗೊತ್ತಾದರೆ ಕೊನೆಯ ಎರಡು ಆಯ್ಕೆಗಳ ಮುಂದೆ ನಿಂತಾಗ ಅದನ್ನು ತಡೆದು ನೋಡಬಹುದು.

ಮೊದಲ ದಿನಗಳಲ್ಲಿ ಗಡಿಯಾರ ಬೇಡ. ಒಂದು ಪ್ರಶ್ನೆಗೆ ಹತ್ತು ನಿಮಿಷ ಹಿಡಿದರೂ ಹಿಡಿಯಲಿ. ಓದಿನ ಕ್ರಮ ಕೂತ ಮೇಲೆ ವೇಗ ಬರುತ್ತದೆ. ಮೊದಲೇ ವೇಗದ ಹಿಂದೆ ಬಿದ್ದರೆ ತಪ್ಪು ಓದೇ ವೇಗವಾಗುತ್ತದೆ. ಒಂದೇ ಮಾಕ್ ಟೆಸ್ಟನ್ನು ಮತ್ತೆ ಮತ್ತೆ ಬರೆಯಬೇಡಿ, ಎರಡನೆಯ ಸಲ ನೀವು ಪ್ರಶ್ನೆಯನ್ನು ಗುರುತಿಸುತ್ತೀರಿ, ಓದುವುದಿಲ್ಲ. ನಿಜವಾದ ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೆಗಳೆಂದು ಹಂಚುವ ಕಡತಗಳನ್ನು ಮುಟ್ಟಲೇಬೇಡಿ. ಪರೀಕ್ಷೆಯ ಪ್ರಶ್ನೆಗಳನ್ನು ಗೋಪ್ಯವಾಗಿಡುವ ಒಪ್ಪಂದಕ್ಕೆ ಅಭ್ಯರ್ಥಿಗಳು ಬದ್ಧರಾಗಿರುತ್ತಾರೆ. ಪ್ರಾಮಾಣಿಕತೆಯನ್ನೇ ಪ್ರಶ್ನೆಯಾಗಿ ಕೇಳುವ ಪರೀಕ್ಷೆಗೆ ಅಂಥ ದಾರಿಯಲ್ಲಿ ಹೋಗುವುದನ್ನು ನಾನು ಒಪ್ಪಲಾರೆ. ಅಲ್ಲದೆ ಅವುಗಳಲ್ಲಿ ಗುರುತು ಹಾಕಿರುವ ಉತ್ತರಗಳಿಗೆ ಯಾರೂ ಹೊಣೆಗಾರರಲ್ಲ.

ಪರೀಕ್ಷೆಯ ಹೊತ್ತಿನಲ್ಲಿ

2021ರ ರೂಪುರೇಷೆಯಂತೆ 230 ನಿಮಿಷವನ್ನು 180ಕ್ಕೆ ಹಂಚಿದರೆ ಪ್ರಶ್ನೆಗೆ ಸುಮಾರು 77 ಸೆಕೆಂಡ್. ಅರವತ್ತರ ಒಂದೊಂದು ಕಂತಿಗೆ 75 ನಿಮಿಷ ಇಟ್ಟುಕೊಂಡರೆ ಕೈಯಲ್ಲಿ ಸ್ವಲ್ಪ ಉಳಿಯುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಪದಗಳಿಗೆ ಬಣ್ಣ ಹಚ್ಚುವ, ಆಯ್ಕೆಗಳ ಮೇಲೆ ಗೆರೆ ಎಳೆಯುವ ಸೌಲಭ್ಯ ಇರುತ್ತದೆ. ಮನೆಯಲ್ಲಿ ನೋಟ್‌ಪುಸ್ತಕದಲ್ಲಿ ಮಾಡಿದ್ದನ್ನೇ ಅಲ್ಲಿ ಮಾಡಿ: "ಮೊದಲು", "ಈಗಾಗಲೇ", "ಗುರುತಿಸಲಾಗಿತ್ತು" ಮುಂತಾದವಕ್ಕೆ ಬಣ್ಣ, ಸೋತ ಆಯ್ಕೆಗಳಿಗೆ ಗೆರೆ. ಎರಡು ಅಥವಾ ಮೂರು ಉತ್ತರ ಆರಿಸಬೇಕಾದ ಪ್ರಶ್ನೆಗಳಲ್ಲಿ ಎಷ್ಟು ಆರಿಸಬೇಕೆಂದು ಹೇಳಿರುತ್ತಾರೆ, ಅಷ್ಟನ್ನೇ ಆರಿಸಿದ್ದೀರಾ ಎಂದು ನೋಡಿಕೊಳ್ಳಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ.

ಆ ರೂಪುರೇಷೆಯಲ್ಲಿ 60 ಮತ್ತು 120ನೇ ಪ್ರಶ್ನೆಗಳ ಬಳಿಕ ಹತ್ತು ಹತ್ತು ನಿಮಿಷದ ವಿರಾಮವಿದೆ. ವಿರಾಮಕ್ಕೆ ಹೋಗುವ ಮುನ್ನ ಆ ಕಂತಿನ ಉತ್ತರಗಳನ್ನು ಮತ್ತೊಮ್ಮೆ ನೋಡಬಹುದು. ಹೋದ ಮೇಲೆ ಆ ಪ್ರಶ್ನೆಗಳಿಗೆ ಮರಳಲು ಆಗುವುದಿಲ್ಲ. ಆ ಮರುನೋಟದಲ್ಲಿ ನಾನು ಪಾಲಿಸಲು ಹೇಳುವ ನಿಯಮ: ಮೊದಲು ಕಣ್ಣಿಗೆ ಬೀಳದ ಪದವೊಂದು ಕಥೆಯಲ್ಲಿ ಕಂಡರೆ ಮಾತ್ರ ಉತ್ತರ ಬದಲಿಸಿ. ಬರೀ ಅಳುಕಿನಿಂದ ಬದಲಿಸಬೇಡಿ.

ಫಲಿತಾಂಶದ ವರದಿಯಲ್ಲಿ ಶೇಕಡಾವಾರು ಅಂಕ ಇರುವುದಿಲ್ಲ. ಒಂದೊಂದು ವಿಭಾಗಕ್ಕೂ ಗುರಿಗಿಂತ ಮೇಲೆ, ಗುರಿಯ ಮಟ್ಟ, ಗುರಿಗಿಂತ ಕೆಳಗೆ, ಸುಧಾರಣೆ ಬೇಕು ಎಂಬ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಟ್ಟಿರುತ್ತಾರೆ. ಅರ್ಜಿ ಒಪ್ಪಿಗೆಯಾದ ಒಂದು ವರ್ಷದೊಳಗೆ ಮೂರು ಸಲದವರೆಗೆ ಪರೀಕ್ಷೆ ಬರೆಯಲು ಅವಕಾಶವಿದೆ. ಈ ಸಲ ಆಗದಿದ್ದರೆ ಆ ವರದಿಯನ್ನು ನೋಟ್‌ಪುಸ್ತಕದ ಪಕ್ಕದಲ್ಲಿಟ್ಟು ನೋಡಿ. "ಜನರು" ವಿಭಾಗ ಕೆಳಗಿದ್ದರೆ ನೀವು ಬರೆದಿಟ್ಟ ಘರ್ಷಣೆ ಮತ್ತು ಸ್ಟೇಕ್‌ಹೋಲ್ಡರ್ ಪ್ರಶ್ನೆಗಳನ್ನು ಮಾತ್ರ ಆರಿಸಿಕೊಂಡು, ಪ್ರತಿಯೊಂದನ್ನೂ ಒಂದು ವಾಕ್ಯ ಬದಲಿಸಿ ಹೊಸದಾಗಿ ಬರೆದು, ಜೊತೆಗೆ ಓದುವ ಗೆಳೆಯರಿಗೆ ಕೊಟ್ಟು ಉತ್ತರಿಸಲು ಹೇಳಿ. ಅವರ ಉತ್ತರ ನಿಮ್ಮದಕ್ಕಿಂತ ಬೇರೆಯಾದ ಕಡೆ ಇಬ್ಬರೂ ಕಥೆಯ ಪದಗಳನ್ನೇ ತೋರಿಸುತ್ತಾ ವಾದ ಮಾಡಿ.